ಮುಕ್ಕಾಲು ಲೀಟರ್

ದಿನಕ್ಕ ಮುಕ್ಕಾಲು ಲೀಟರ್. ಅಷ್ಟೇ.
ಗುಳಿಗಿ ನುಂಗೋ ನೀರು, ಸಾರಿನ ತಿಳಿ,
ಬಾಯಾಗ ಕರಗೋ ಬರ್ಫಿನ ಚೂರು,
ಎಲ್ಲಾ ಬರೀಬೇಕು ಕೆಂಪು ರಟ್ಟಿನ ವಹಿಯೊಳಗ.

ನಾ ಕಾಫಿ ಬರೀಲಿಲ್ಲ.

ವಾಡಿ ಜಂಕ್ಷನ್ನಿನಾಗ
ಇಪ್ಪತ್ತೆಂಟು ವರ್ಷ ಹಳಿ ತಿರುವಿದಾಂವ ನಾನು.
ಊರೆಲ್ಲಾ ಚಾ ಕುಡಿಯೋ ಸೀಮ್ಯಾಗ
ನನಗ ಕಾಫಿ ಹಚ್ಚಿದ್ದು ಮದ್ರಾಸಿನ ಮೇಲ್ ಗಾಡಿ.
ರಾತ್ರಿ ಪಾಳಿ, ಎರಡು ಮಿನಿಟಿನ ನಿಲುಗಡೆ,
ಕಿಡಕಿಯಿಂದ ಕೆಳಗಿಳಿದು ಬರೋ ಉಗಿ.
ಕೇಬಿನ್ ಮಾಸ್ತರ ಅಂತಿದ್ದ:
"ಬ್ಯಾಸಗ್ಯಾಗ ಕಾಫಿ ಬ್ಯಾಡೋ ತಮ್ಮಾ,
ಮೈಯಾಗಿನ ನೀರು ಹಿಂಡಿ ಹೊರಗ ಹಾಕ್ತದ,
ಒಂದು ಕಪ್ಪು ಕುಡದ್ರ ಎರಡು ತಂಬಿಗಿ ಕಳಕೊಂಡಂಗ."
ನಂಬಿದೆ. ನಂಬಿಕೊಂಡೇ ಕುಡದೆ.

ಈಗ ಅದೇ ಮಾತು ಉಪಯೋಗಕ್ಕ ಬಂತು.
ನೀರು ತಗೀತದ ಅಂದಮ್ಯಾಗ, ಅದು ನೀರು ಹೆಂಗಾದೀತು?
ಚಂದಮ್ಮ ಹಾಲು ತರಾಕ ಹ್ವಾದಾಗ ಒಂದು ಲೋಟ,
ಮಲಗಿದಾಗ ಒಂದು, ಟಿವಿ ಮುಂದ ಕುಂತಾಗ ಒಂದು.
ಕಿಡ್ನಿ ಬಿಟ್ಟ ಕೆಲಸ ಕಾಫಿ ಮಾಡಲಿ ಅಂತ.

ಗುರುವಾರ ಕಲಬುರಗಿ. ಮುಂಜಾನಿ ಪ್ಯಾಸೆಂಜರ್.
ಸಿಸ್ಟರ್ ಸುಗಲಾಬಾಯಿ ಕಾಟಾದ ಮ್ಯಾಲೆ ನಿಂದ್ರಿಸಿದಳು.
ಮುಳ್ಳು ನಡುಗಿ ನಿಂತಿತು:
ಮೂರು ಕಿಲೋ ನಾಲ್ಕುನೂರು ಗ್ರಾಂ ಹೆಚ್ಚಿಗಿ.
ಬಗ್ಗಿ ನನ್ನ ಕಾಲಿಗೆ ಹೆಬ್ಬೆರಳು ಒತ್ತಿ ತಗದಳು.
ತಗ್ಗು ಹಂಗೇ ಉಳೀತು,
ಹಸಿ ಸಿಮೆಂಟಿನಾಗ ಆಡಿನ ಹೆಜ್ಜಿ ಉಳದಂಗ.

"ಏನು ಕುಡದ್ರಿ ಯಜಮಾನ್ರ?"
"ಕಾಫಿ ಅಷ್ಟೇರಿ. ಅದು ನೀರು ತಗೀತದಲ್ರೀ?"
ಬಾಜೂಕಿನ ಕುರ್ಚಿಯಾಗ ಚಿತ್ತಾಪುರದ ಗೌಸೋದ್ದೀನ್ ಚಾಚಾ
ಸೂಜಿ ಚುಚ್ಚಿದ ಕೈ ಹಿಡಕೊಂಡೇ ನಕ್ಕ.

"ತಗೀತದ, ಗಟ್ಟಿ ಕಿಡ್ನಿ ಇದ್ದವ್ರಿಗೆ, ಒಂದೀಟು.
ದಿನಾ ಕುಡಿಯೋರಿಗೆ ಅದೂ ಅಷ್ಟಕ್ಕಷ್ಟೇ.
ಲೋಟಕ್ಕ ಏನು ಹಾಕ್ತೀರಿ? ಹಾಲು, ನೀರು.
ಒಳಗ ಹ್ವಾದದ್ದೂ ನೀರಽ."
ವಹಿ ಕಸಗೊಂಡು ತಾನೇ ಬರದಳು:
ಕಾಫಿ ನೂರೈವತ್ತು. ಕಾಫಿ ನೂರೈವತ್ತು.
ಮೂರು ದಿನದ್ದು ಒಂಬತ್ತು ಸಾಲು.

ನಾಲ್ಕು ತಾಸು ಯಂತ್ರ ತಿರುಗಿತು.
ಮಕ್ಕೊಂಡು ಲೆಕ್ಕ ಹಾಕಿದೆ.
ನಲವತ್ತಮೂರು ಡಿಗ್ರಿ, ಕಾದ ಜಲ್ಲಿಕಲ್ಲು,
ಅಷ್ಟೂ ವರ್ಷ ಆ ಗಾಡಿ ನನಗ ನೀರು ಕುಡಿಸಿ ಹೋಗಿತ್ತು.
ನಾ ಪ್ರತಿ ಕಪ್ಪಿಗೂ ಕಳ್ಳನಂಗ ಹೆದರಿದ್ದೆ.

ಇನ್ನ ಮ್ಯಾಲೆ ಮುಂಜಾನಿ ನೂರು ಎಂಎಲ್ ಅದಕ್ಕ.
ಉಳದದ್ದು ಗುಳಿಗಿಗೆ, ಸಾರಿಗೆ,
ಚಂದಮ್ಮನ ಬೈಗುಳ ನುಂಗಾಕ.
ಔಷಧಿ ಮುಚ್ಚಳದಾಗ ಅಳದು ಹಾಕೋತೀನಿ,
ಬರೀತೀನಿ,
ಆಮ್ಯಾಲೆ ಒಂದೊಂದೇ ಗುಟುಕು
ಮೇಲ್ ಗಾಡಿ ನಿಂತಷ್ಟು ಹೊತ್ತು
ಬಾಯೊಳಗೇ ನಿಂದ್ರಸ್ತೀನಿ.