ನೀಲಿ ಗೇಟಿನ ಮನೆ

ಹೆಸರು: ಮರಿಲಿಂಗ. ವಯಸ್ಸು: ಐವತ್ತೋ ಅರವತ್ತೋ,
ಕೇಳಿದರೆ ಮೈಷುಗರ್ ಚಿಮಣಿಯ ಕಡೆ ನೋಡುತ್ತಾನೆ
ಅದಕ್ಕೆ ಗೊತ್ತಿದ್ದೀತು ಎಂಬಂತೆ.
ತೂಕ: ಮೂವತ್ತೆಂಟು, ಚಪ್ಪಲಿ ಸಮೇತ.
ಕಫ: ಪಾಸಿಟಿವ್, ಎರಡು ಪ್ಲಸ್.
ವಿಳಾಸ:
ಇಲ್ಲಿ ನಿಂತಿತು ನನ್ನ ಟ್ಯಾಬು.
ಖಾಲಿ ಬಿಟ್ಟರೆ ಕೆಂಪು ಗೆರೆ, ಮುಂದಿನ ಪುಟವಿಲ್ಲ,
ಮುಂದಿನ ಪುಟವಿಲ್ಲದೆ ಮಾತ್ರೆಯಿಲ್ಲ.

"ಎಲ್ಲಿ ಮಲಗ್ತೀಯಪ್ಪ?"
"ಅಲ್ಲೇ ಕನವ್ವ, ಹೋಟ್ಲು ಮುಂದೆ."
ಹೋಟೆಲು ಮುಚ್ಚಿ ಎರಡು ವರ್ಷ.
ಹೊಸ ಹೈವೇ ಊರಾಚೆ ಹಾರಿಹೋದ ಮೇಲೆ
ಕಾರಿನವರು ಇಡ್ಲಿಗೆ ಇಳಿಯುವುದು ಬಿಟ್ಟರು.
ಹನ್ನೊಂದು ವರ್ಷ ಅಲ್ಲಿ ಲೋಟ ತೊಳೆದವನು,
ರಾತ್ರಿ ಎರಡು ಬೆಂಚು ಜೋಡಿಸಿಕೊಂಡು ಮಲಗಿದವನು.
ಪಾಪ, ಕೆಲಸ ಹೋಯಿತು ಅಂದರು ಎಲ್ಲರೂ.
ಮನೆ ಹೋಯಿತು ಎಂದು ಯಾರೂ ಅನ್ನಲಿಲ್ಲ.
ಷಟರಿನ ಹೊರಗೆ ಮೂರಡಿ ಕಟ್ಟೆ ಉಳಿದಿತ್ತು.

ವಾರ್ಡಿನಲ್ಲಿ ಹೇಳಿದರು: ನಡೀತಾನಲ್ಲ, ಮನೆಗೆ ಕರಕೊಂಡು ಹೋಗಿ.
ನಗರಸಭೆಯ ತಂಗುದಾಣದಲ್ಲಿ ಹೇಳಿದರು: ಕೆಮ್ಮು ನಿಲ್ಲಲಿ, ಆಮೇಲೆ ನೋಡೋಣ.
ಪೌಷ್ಟಿಕ ಆಹಾರದ ದುಡ್ಡಿಗೆ ಓಟಿಪಿ ಹೋಯಿತು
ಅವನು ಎಂದೋ ಸಂತೆಯಲ್ಲಿ ಮಾರಿದ ಫೋನಿಗೆ.
ಯಾರದೋ ಜೇಬಿನಲ್ಲಿ ಅವನ ಹಾಲು, ಮೊಟ್ಟೆ
ಟಿಣ್ ಎಂದು ಸದ್ದು ಮಾಡಿ ಸುಮ್ಮನಾಯಿತು.
ನಾನು ಕೊಡುವ ಕರಪತ್ರದಲ್ಲಿ ಬರೆದಿದೆ:
ರೋಗಿಯು ಗಾಳಿ ಬೆಳಕು ಚೆನ್ನಾಗಿರುವ ಕಡೆ ಮಲಗಬೇಕು.
ಓದಿ ಹೇಳಿದೆ. ನಕ್ಕ.
ನಕ್ಕಿದ್ದಕ್ಕೆ ಕೆಮ್ಮು ಬಂತು, ಕೆಮ್ಮಿಗೆ ರಕ್ತ.

ಟ್ಯಾಬು ಇನ್ನೂ ಕಾಯುತ್ತಿತ್ತು, ಬ್ಯಾಟರಿ ಎಂಟು ಪರ್ಸೆಂಟು.
ಬರೆದೆ: ಗುತ್ತಲು ರಸ್ತೆ, ಮೂರನೇ ಕ್ರಾಸು, ನೀಲಿ ಗೇಟಿನ ಮನೆ.
ಧರ್ಮಕ್ಕೇನಲ್ಲ. ಬೇರೆ ವಿಳಾಸ ತಕ್ಷಣ ಹೊಳೆಯಲಿಲ್ಲ, ಅಷ್ಟೆ.
"ಯಾರಾದ್ರೂ ಕೇಳಿದ್ರೆ ಇದನ್ನೇ ಹೇಳು" ಅಂದೆ.
ಎರಡು ಸಲ ಹೇಳಿಸಿದೆ, ಮಗ್ಗಿ ಒಪ್ಪಿಸುವ ಹಾಗೆ.

ದಿನಾ ಒಂಬತ್ತಕ್ಕೆ ಕಟ್ಟೆಯ ಮುಂದೆ ಸ್ಕೂಟಿ ನಿಲ್ಲಿಸುತ್ತೇನೆ.
ಮೂರು ಮಾತ್ರೆ, ಒಂದು ಲೋಟ ನೀರು.
ಬಾಯಿ ತೆಗೆದು ತೋರಿಸುತ್ತಾನೆ, ನುಂಗಿದ್ದಕ್ಕೆ ಸಾಕ್ಷಿ.
ಉಚ್ಚೆ ಕಿತ್ತಳೆಯಾಯಿತೆಂದು ಮೊದಲ ವಾರ ಹೆದರಿದ್ದ;
ಮಾತ್ರೆಯ ಬಣ್ಣ ಅದು, ಅಂದ ಮೇಲೆ ಸುಮ್ಮನಾದ.
ಲೋಟ ಮಾತ್ರ ನನಗೆ ತೊಳೆಯಲು ಬಿಡುವುದಿಲ್ಲ.
ಹನ್ನೊಂದು ವರ್ಷದ ಕೈ: ಒಳಗೆ ಮೂರು ಸುತ್ತು,
ಹೊರಗೆ ಒಂದು, ಆಮೇಲೆ ಒಮ್ಮೆ ಜೋರಾಗಿ ಕೊಡವಿ ಬೋರಲು.

ಒಂದು ದಿನ ಕೇಳಿದ:
"ನಮ್ ಗೇಟು ಸದ್ದು ಮಾಡ್ತದಾ ಅವ್ವ?"
ನಮ್ ಎಂದದ್ದಕ್ಕೆ ಅವನೇ ನಾಲಿಗೆ ಕಚ್ಚಿಕೊಂಡ.
"ಮಾಡ್ತದೆ. ಎಣ್ಣೆ ಬಿಡಬೇಕು" ಅಂದೆ.

ಮೊನ್ನೆ ರಾತ್ರಿ ಎರಡು ಗಂಟೆಗೆ ಫೋನು, ಠಾಣೆಯಿಂದ.
ಯಾರೋ ದೊಡ್ಡವರು ಬರುವ ರಸ್ತೆ,
ಬೆಳಗಾಗುವುದರೊಳಗೆ ಕಟ್ಟೆಗಳೆಲ್ಲ ಖಾಲಿಯಾಗಬೇಕು.
"ಮನೆ ಎಲ್ಲಯ್ಯಾ ಅಂದ್ರೆ ನಿಮ್ಮನೆ ಹೇಳ್ತಾನೆ ಮೇಡಂ,
ಕ್ರಾಸು, ಗೇಟಿನ ಬಣ್ಣ, ಎಣ್ಣೆ ಬಿಡಬೇಕು ಅಂತಾನೂ.
ನಿಮ್ಮ ನಂಬರ್ ಅವನ ಕಾರ್ಡಲ್ಲಿತ್ತು.
ಯಾರಿವನು, ನಿಮ್ಮನೆಯವರಾ?"

ನಮ್ಮನೆಯವರು ಪಕ್ಕದಲ್ಲಿ ಗೊರಕೆ ಹೊಡೆಯುತ್ತಿದ್ದರು.
ಫ್ಯಾನು ತಿರುಗುತ್ತಿತ್ತು. ಸೊಳ್ಳೆಗೆ ಹೆದರಿ ಕಿಟಕಿ ಮುಚ್ಚಿತ್ತು.
ಎಷ್ಟು ಹೊತ್ತು ಸುಮ್ಮನಿದ್ದೆನೋ,
ಪೇದೆ ಹಲೋ ಹಲೋ ಅಂದ, ಅವನ ಹಿಂದೆ ಒಂದು ಕೆಮ್ಮು.
ಮೊದಲಿನಷ್ಟು ಹಸಿಯಿಲ್ಲ. ಒಣಗುತ್ತಿದೆ.
ಔಷಧಿ ಹಿಡಿದಿದೆ.

"ಹೂಂ" ಅಂದೆ. "ಒಳಗೆ ಕೂಡಬೇಡಿ, ಹೊರಗೆ ಬೆಂಚಿದ್ರೆ ಅಲ್ಲೇ ಮಲಗಲಿ.
ಒಂಬತ್ತಕ್ಕೆ ಮಾತ್ರೆ ಇದೆ, ಅಲ್ಲಿಗೇ ತರ್ತೀನಿ.
ಒಂದು ಲೋಟ ಇಟ್ಟಿರಿ. ತೊಳೆಯೋದು ಬೇಡ,
ಅವರೇ ತೊಳೀತಾರೆ."