ಕಲ್ಲಿನ ಕಿವಿ

ಹೆಡ್ಲಿ ಪಾಸ್ಕೊಗೆ ಎಡಗಿವಿ ಹೋಗಿ ಹನ್ನೊಂದು ವರ್ಷ,
ಬಲಗಿವಿ ಯಾವಾಗ ಹೋಯಿತೆಂದು ಅವನಿಗೇ ಗೊತ್ತಿಲ್ಲ.
ಕಾರ್ನ್‌ವಾಲಿನ ಕಡಲ ಬದಿಯ ಷೆಡ್ಡಿನಲ್ಲಿ
ಗೋರಿಗಲ್ಲು ಕೆತ್ತುತ್ತಾನೆ. ಸ್ಲೇಟು ಕಲ್ಲು,
ನೆನೆದರೆ ನೀಲಿ, ಒಣಗಿದರೆ ಬೂದಿ.
ಉಳಿಯ ಟಕ್ ಟಕ್ ಈಗ
ಅವನ ಮಣಿಕಟ್ಟಿಗೆ ಮಾತ್ರ ಕೇಳುತ್ತದೆ.

ಕೆಲಸ ಕಲಿಯಲು ಬಂದ ಮೊಮ್ಮಗಳು ಲೊವೆನಾಗೆ
ಮೊದಲ ವಾರ ಮೂರೇ ಅಕ್ಷರ ಕೊಟ್ಟ.
ಇ: ಮೂರು ಹಲ್ಲಿನ ಬಾಚಣಿಗೆ.
ಎ: ಒಂದೇ ಮೆಟ್ಟಿಲಿನ ಏಣಿ.
ಆರ್: ಎದೆಯುಬ್ಬಿಸಿ ಒಂದು ಕಾಲು ಚಾಚಿದವನು,
ಹೊರಟೇಬಿಟ್ಟವನಂತೆ.
ಕೂಡಿಸಿದರೆ ಇಯರ್, ಕಿವಿ.
'ಇದಿಲ್ಲದೆ ಈ ಊರಲ್ಲಿ ಯಾರನ್ನೂ ಹೂಳಲಾಗದು' ಅಂದ,
ಕಿವುಡರ ಹಾಗೆ, ಬೇಕಾದ್ದಕ್ಕಿಂತ ಜೋರಾಗಿ.

ನಿಜವೇ.
ಡಿಯರ್: ಪ್ರಿಯ ಅನ್ನಲೂ ಅದೇ, ದುಬಾರಿ ಅನ್ನಲೂ ಅದೇ;
ಬಿಲ್ಲು ಬರೆಯುವಾಗ ಹೆಡ್ಲಿಗೆ ಎರಡನೆಯದು ನೆನಪಾಗುತ್ತದೆ.
ಯಿಯರ್, ವರ್ಷ: ಎಂಬತ್ತೊಂದು, ಅಥವಾ ಆರು.
ಆರು ಕೆತ್ತುವ ದಿನ ಷೆಡ್ಡಿನಲ್ಲಿ ಚಹಾ ಕಾಯಿಸುವುದಿಲ್ಲ.
ಅರ್ಲಿ ಎಂದರೆ ಬೇಗ,
ಯಾರ ಲೆಕ್ಕದಲ್ಲಿ ಬೇಗ ಎಂದು ಕಲ್ಲು ಕೇಳುವುದಿಲ್ಲ.
ಅರ್ಥ್, ಮಣ್ಣು.
ನಮ್ಮ ಕಿವಿಗೆ ಅದು ಅರ್ಥ ಎಂದೇ ಬೀಳುತ್ತದೆ,
ಮಣ್ಣು ಬಿದ್ದ ಮೇಲೆ ಆಗುವಂಥದು.
ಬೇರ್ ಎಂದರೆ ಹೊರು, ಹೆರು, ತಾಳು; ಕರಡಿಯೂ ಹೌದು.
ಟಿಯರ್ ಕಣ್ಣೀರು. ಅದೇ ನಾಲ್ಕು ಅಕ್ಷರವನ್ನು
ಟೇರ್ ಎಂದರೆ ಬಟ್ಟೆ ಹರಿ. ನಗಬೇಡಿ,
ನಮ್ಮಲ್ಲೂ ಕಣ್ಣೀರು ಹರಿಯುತ್ತದೆ, ಅಂಗಿಯೂ ಹರಿಯುತ್ತದೆ.
ಹೆಣ ಒಯ್ಯುವ ಗಾಡಿ ಹರ್ಸ್,
ಅದರ ಹೊಟ್ಟೆಯೊಳಗೂ ಒಂದು ಕಿವಿ, ದಾರಿಯುದ್ದ ತೆರೆದುಕೊಂಡು.

'ತಾತ, ಬರೆಯೋದು ಒಂದೇ,
ಕೇಳಿಸೋದು ಒಂದೊಂದು ಕಡೆ ಒಂದೊಂದು ಥರ' ಎಂದಳು ಲೊವೆನಾ.
ಅವಳ ತುಟಿ ನೋಡಿದ ಹೆಡ್ಲಿ.
'ನನಗೀಗ ಎಲ್ಲ ಒಂದೇ ಥರ.
ಕಾಗುಣಿತ ಸರಿಹೋಗಬೇಕಾದರೆ ಕಿವುಡಾಗಬೇಕು ಮಗಳೇ.'

ನವೆಂಬರಿನಲ್ಲಿ ಬೇಕರಿಯ ಮಾಡ್ಜ್ ಟ್ರೆಗಿಯರ್ ತೀರಿಕೊಂಡಳು
(ಅವಳ ಮನೆತನದ ಹೆಸರಿನ ಬಾಲದಲ್ಲೂ ಅವೇ ಮೂರು).
ಕಲ್ಲಿಗೆ ಹೇಳಲು ಬಂದವನು ತಮ್ಮ.
ಬಿಯರ್ಡ್ ಎಂಬುದರೊಳಗೆ ಕಿವಿಯಿದೆ ನಿಜ,
ಆದರೆ ತುಟಿ ಓದುವವನಿಗೆ ಗಡ್ಡವೇ ಗೋಡೆ.
ಅವನು ಹೇಳಿದ್ದು ಹಾರ್ಟ್: ಬೆಚ್ಚನೆಯ ಹೃದಯದವಳು.
ಹೆಡ್ಲಿ ಕೆತ್ತಿದ್ದು ಹಾರ್ಥ್.
ಹೃದಯದ ಬಾಲಕ್ಕೊಂದು ಎಚ್ ಬಿದ್ದು ಒಲೆಯಾಗಿತ್ತು.
(ನಮ್ಮಲ್ಲಿ ಒಲೆಯನ್ನು ಕೊಂಚ ಎಳೆದರೆ
ಕಿವಿಗಿಡುವ ಓಲೆ. ಬೆಂಕಿಗೂ ಕಿವಿಗೂ
ಅಲ್ಲೂ ಇಲ್ಲೂ ನೆರೆಮನೆಯ ಬಳಕೆ.)

ಕಂಡದ್ದು ಲೊವೆನಾಗೆ, ಪುಡಿ ಗುಡಿಸುವಾಗ.
ಕಲ್ಲಿನಲ್ಲಿ ಅಳಿಸುವುದೆಂದರೆ
ಇಡೀ ಮುಖವನ್ನೇ ಉಜ್ಜಿ ತೆಗೆಯುವುದು.
ಹೇಳಲೋ ಬೇಡವೋ ಎಂದು ಎರಡು ರಾತ್ರಿ ಇದ್ದಳು.

ಶನಿವಾರ ತಮ್ಮ ಬಂದ. ಟೊಪ್ಪಿ ತೆಗೆದು ಓದಿದ.
ಕೊನೆಯ ಎಚ್ ಮೇಲೆ ಬೆರಳಿಟ್ಟು ಹಾಗೇ ನಿಂತ.
ನಲವತ್ತು ವರ್ಷ ಮೂರು ಗಂಟೆಗೆ ಎದ್ದು
ಒಲೆ ಹೊತ್ತಿಸಿದವಳು. ದೋಣಿಯಿಂದ ಬಂದ ಬೆಸ್ತರು
ಬೇಕರಿಯ ಹಿಂಗೋಡೆಗೆ ಬೆನ್ನು ಒತ್ತಿ ನಿಲ್ಲುತ್ತಿದ್ದರು,
ರೊಟ್ಟಿ ಕೊಳ್ಳದೆ, ಮಾತಾಡದೆ.

ಗಡ್ಡ ಅಲುಗಿತು.
'ಏನಂತೆ?' ಎಂದ ಹೆಡ್ಲಿ, ಜೋರಾಗಿ.
ಒಂದು ಒಡೆದ ಚೂರಿನ ಮೇಲೆ ಲೊವೆನಾ ಸೀಮೆಸುಣ್ಣದಲ್ಲಿ ಬರೆದಳು:
ಅಕ್ಷರಕ್ಕೆ ಇಷ್ಟು ಅಂತ ತಾನೆ ನಿಮ್ಮ ಲೆಕ್ಕ,
ಹೆಚ್ಚಿನದೊಂದಕ್ಕೆ ಎಷ್ಟು ಕೊಡಬೇಕು ಅಂತಿದ್ದಾರೆ.

ಬೇಡವೆಂದು ಹೆಡ್ಲಿ ಎರಡು ಸಲ ತಲೆಯಾಡಿಸಿದ.
ಆದರೂ ಆತ ಕಿಟಕಿಯ ಕಟ್ಟೆಯ ಮೇಲೆ ಎಣಿಸಿಟ್ಟು ಹೋದ.
ನಾಣ್ಯದ ಸದ್ದು ಲೊವೆನಾಗೆ ಕೇಳಿಸಿತು.
ಮುದುಕ ಆಗಲೇ ಮುಂದಿನ ಕಲ್ಲಿನತ್ತ ತಿರುಗಿ
ಏಣಿಗೆ ಮೆಟ್ಟಿಲು ಕಡೆಯುತ್ತಿದ್ದ.