ಬಟನ್ ಅನ್ನೋದು

ಕೌಲ್ ಬಜಾರಿನ ಮಾಳಿಗೆ ಮ್ಯಾಲಿನ ಜೀನ್ಸ್ ಯೂನಿಟ್ಟು,
ಕರೆಂಟು ಹೋಗಿ ಹತ್ತು ನಿಮಿಷ.
ಮಗಳ ಗ್ರಾಮರ್ ನೋಟ್‌ಬುಕ್ಕು
ಬುತ್ತಿಡಬ್ಬಿ ಮ್ಯಾಲಿಟ್ಟು ಮಾರೆಕ್ಕ ಕೇಳಿದಳು:
ಬಟನ್ ಅಂದ್ರ ನಾಮಪದನೋ, ಕ್ರಿಯಾಪದನೋ?

ಎರಡೂ, ಅಂದೆ.
ಬೆರಳಾಗಿದ್ರ ನಾಮಪದ,
ಕಾಜಾದಾಗ ಹೊಕ್ಕರ ಕ್ರಿಯಾಪದ.
ಝಿಪ್ಪೂ ಹಂಗ. ಪ್ಯಾಚೂ. ಐರನ್ನೂ.
ಅಲ್ಲಿ ಮೂಲ್ಯಾಗ ಶೇಕ್ಷಾವಲಿ
ಐರನ್ ಹಿಡಕೊಂಡು ಐರನ್ ಮಾಡ್ತಾನಲ್ಲ,
ಇಂಗ್ಲಿಷಿನವರಿಗೆ ಆ ‘ಮಾಡು’ ಬ್ಯಾಡ.

‘ನಮಗ ಎಲ್ಲಾದಕ್ಕೂ ಮಾಡು ಬೇಕು,
ಅದಕ್ಕ ಸೊಂಟ ಹಿಂಗಾಗೈತಿ’ ಅಂತ ನಕ್ಕಳು.

ಅವರ ಕ್ರಿಯಾಪದ ನಡುವ ಕೂಡತೈತಿ,
ಸೊಂಟಪಟ್ಟಿಯಂಗ.
ನಮ್ಮದು ಕೊನಿಗೆ, ಕಾಲಿನ ಮಡಿಕಿಯಂಗ.
ಅಲ್ಲೀತನಕ ಪ್ಯಾಂಟು ಯಾರದೋ
ಏನಾತೋ ಗೊತ್ತಾಗಂಗಿಲ್ಲ.
ಆದರ ಒಂದು: ‘ಹೊಲಿದೆ’ ಅಂದ್ರ ಸಾಕು,
ಅದರ ಒಳಹೊಲಿಗ್ಯಾಗ ನಾನು ಅದೀನಿ.
ಸ್ಟಿಚ್ಡ್ ಅಂದ್ರ ಯಾರೂ ಇಲ್ಲ,
ಅದರ ಮುಂದ ‘ಐ’ ಬಂದು ನಿಲ್ಲಬೇಕು
ಒಂಟಿಕಾಲ ಮ್ಯಾಲೆ.

ಇಷ್ಟರಾಗ ಸೂಪರ್‌ವೈಸರ್ ಗಾದಿಲಿಂಗ
ಮೆಟ್ಟಿಲು ಹತ್ತಿ ಬಂದು
ತಲಿ ಕೆರಕೊಂತ ಅಂದ:
ನಲವತ್ತು ಪೀಸು ರಿಜೆಕ್ಟ್ ಆಗ್ಯಾವ.
ಕೂಲಿ ಹಿಡಿಯಲಾಗತೈತಿ.

ಕನ್ನಡದಾಗೂ ಹಿಂಗ ಬರತೈತೆ ಹಂಗಾರ,
ಒಳಗ ಯಾರೂ ಇಲ್ಲದ ಕ್ರಿಯಾಪದ.

ಮಾರೆಕ್ಕ ಪೆನ್ಸಿಲ್ ಎತ್ತಿದಳು,
ಟೀಚರಮ್ಮನಂಗ:
‘ಕರ್ತೃ ಎಲ್ಲಿ?’

ಅವ ಗಡಿಯಾರ ನೋಡಿದ. ನಮ್ಮನ್ನ ನೋಡಿದ.
ಹೊರಗ ತೊಳ್ಯೋ ಯೂನಿಟ್ಟಿನ ನೀಲಿ ನೀರು
ಗಟಾರದಾಗ ಹರೀತಿತ್ತು.

ಕರೆಂಟು ಬಂತು.
ಉತ್ತರ ಬರಲಿಲ್ಲ.
ನೋಟ್‌ಬುಕ್ ಮುಚ್ಚಲಿಲ್ಲ ಆಕಿ,
ಪುಟ ಹಾರಬಾರದಂತ
ಮ್ಯಾಲೆ ಒಂದು ಹಿಡಿ ಬಟನ್ ಇಟ್ಟಳು.